ಅಳಿವೆಗೆ ಹೋದ ಕತ್ತಿನ ಮೂಳೆ

ಫಿಸಿಯೋಥೆರಪಿಯ ಮೊದಲ ವರ್ಷದ ಮೌಖಿಕ ಪರೀಕ್ಷೆಗೆ ಮುಂಚಿನ ರಜೆಯಲ್ಲಿ, ನಾನು ಕಾಲೇಜಿನಿಂದ ಒಂದು ತಲೆಬುರುಡೆಯನ್ನೂ ಏಳು ಕತ್ತಿನ ಮೂಳೆಗಳನ್ನೂ ಕೇಳಿಕೊಂಡು ಹೊನ್ನಾವರದ ಪಕ್ಕದ ಕಾಸರಕೋಡಿನ ಮನೆಗೆ ತಂದೆ. ಎಲ್ಲವೂ ಅಸಲಿ. "ಒಂದು ಕಡಿಮೆಯಾದರೂ ಪರೀಕ್ಷೆಗೆ ಕೂರಿಸುವುದಿಲ್ಲ" ಎಂದು ಪ್ರಯೋಗಾಲಯದ ಮೇಡಂ ಕಣ್ಣು ಕೆಕ್ಕರಿಸಿದ್ದರು. ಬಸ್ಸಿನಲ್ಲಿ ಚೀಲವನ್ನು ತೊಡೆಯಿಂದ ಇಳಿಸಲೇ ಇಲ್ಲ. ಪಕ್ಕದ ಹೆಂಗಸು ಕಲ್ಲಂಗಡಿಯೇ ಎಂದು ಕೇಳಿದಾಗ ಹೌದೆಂದೆ.

ಅಮ್ಮ ಚೀಲದೊಳಗೆ ಇಣುಕಿದವಳೇ ಬಾಗಿಲಿಗೆ ಅಡ್ಡ ನಿಂತಳು. "ಅದು ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೆ." ಅಮ್ಮನಿಲ್ಲದೆ ಊಟವಿಲ್ಲ, ಬುರುಡೆಯಿಲ್ಲದೆ ಪಾಸಿಲ್ಲ. ಬಲೆ ಇಡುವ ಚಪ್ಪರದಲ್ಲಿ ಹಳೆಯ ಮೇಜು ಹಾಕಿಕೊಂಡು ಓದಲು ಕುಳಿತೆ.

ಅಜ್ಜಿಗೆ ಅಂಥ ಭಯವಿರಲಿಲ್ಲ. ಮೀನಿನ ಬುಟ್ಟಿ ಹೊತ್ತು ಹೊನ್ನಾವರದ ಓಣಿ ಓಣಿ ಸುತ್ತಿದ ಅವಳು ಯಾರ ತಲೆಗೂ ಹೆದರಿದವಳಲ್ಲ. ಪಕ್ಕದಲ್ಲಿ ಬಂದು ಕುಕ್ಕರಗಾಲಿನಲ್ಲಿ ಕುಳಿತಳು.

"ಗಂಡಾ, ಹೆಣ್ಣಾ?"

ಹುಬ್ಬಿನ ಏಣು ನೋಡಿ ಗಂಡು ಎಂದೆ. ಅಜ್ಜಿ ಸೆರಗು ಸರಿಮಾಡಿಕೊಂಡಳು.

"ಯಾವ ಜಾತಿ?"

"ಅಜ್ಜೀ, ಎಲುಬಲ್ಲಿ ಅದೆಲ್ಲ ಗೊತ್ತಾಗೂದಿಲ್ಲ."

"ಹಂಗಾರೆ ಅಲ್ಲಿ ನಿಂಗೆ ಎಂತ ಕಲಿಸ್ತ್ರು?"

ಮೀನು ತಿನ್ನುವವನೋ ಅಲ್ಲವೋ ತಿಳಿಯದೆ, ಅವಳು ಮಧ್ಯಾಹ್ನ ಅವನ ಮುಂದೆ ಎರಡು ಬಟ್ಟಲು ಇಟ್ಟಳು. ಒಂದರಲ್ಲಿ ಬಂಗಡೆ ಸಾರು, ಇನ್ನೊಂದರಲ್ಲಿ ಬರೀ ಗಂಜಿ. ಎರಡನ್ನೂ ನಮ್ಮ ಬೆಕ್ಕು ಮುಗಿಸಿತು. ಆಮೇಲೆ ನಾನು ಅವಳಿಗೆ ಪಾಠ ಹೇಳಿದೆ. ಉಂಗುರದಂತಿರುವ ಮೊದಲ ಮೂಳೆಯ ಮೇಲೆ ಬುರುಡೆ ಕೂರುತ್ತದೆ, ನಾವು ಹೌದೆಂದು ತಲೆಯಾಡಿಸುವುದು ಅಲ್ಲಿ. ಎರಡನೆಯದಕ್ಕೆ ಹಲ್ಲಿನಂಥ ಮೊನೆಯಿದೆ, ಅಲ್ಲವೆಂದು ತಲೆ ತಿರುಗಿಸುವುದು ಅದರ ಸುತ್ತ.

"ನಿನ್ನ ಅಮ್ಮಂಗೆ ಮೊದಲ್ನೇದು ಇಲ್ಲ ಅನ್ನು" ಎಂದಳು ಅಜ್ಜಿ.

ನಾನು ವಾಪಸು ಹೊರಡುವ ದಿನ ಬೆಳಿಗ್ಗೆ ನೋಡಿದರೆ ಆ ಮೊದಲ ಮೂಳೆಯೇ ಇಲ್ಲ! ಮೇಜಿನ ಕೆಳಗೆಲ್ಲ ತಡಕಿದೆ. ಅಪ್ಪ ಬಲೆಗಳನ್ನೆಲ್ಲ ಕೊಡವಿದ. ಅಮ್ಮ ಒಣಗಲು ಹಾಕಿದ್ದ ಮೀನನ್ನೆಲ್ಲ ಮಗುಚಿ ಹಾಕಿ, ಬೆಕ್ಕಿನ ಬಾಯಿ ಬಿಡಿಸಿಯೂ ನೋಡಿದಳು. ಅಜ್ಜಿ ಮಾತ್ರ ಒದ್ದೆ ಕೂದಲು ಒರೆಸಿಕೊಳ್ಳುತ್ತ ಜಗಲಿಯಲ್ಲಿ ಕುಳಿತಿದ್ದಳು.

"ಸುಮ್ನೆ ಹುಡುಕ್ಬೇಡಿ. ನಾನು ಅಳಿವೆಗೆ ಬಿಟ್ಟು ಬಂದೆ. ಎಳ್ಳು, ಹೂವು ಎಲ್ಲಾ ಹಾಕಿ ಬಿಟ್ಟಾತು."

ನದಿ ಸಮುದ್ರ ಸೇರುವಲ್ಲಿಗೆ ಹೋದದ್ದು ಇನ್ನೆಲ್ಲಿ ಸಿಗಬೇಕು? ನಾನು ಕಿರುಚಿದೆ. "ನನ್ನ ಪರೀಕ್ಷೆನೇ ನೀರಿಗೆ ಬಿಟ್ಯಲ್ಲ ಅಜ್ಜೀ!"

"ಇಡೀ ತಲೆ ಬಿಟ್ರೆ ನಿಂಗೆ ಓದೂಕೆ ಕಷ್ಟ ಅಂತ ಸಣ್ಣದೊಂದೇ ತಕಂಡೆ. ಪಾಪ, ಯಾರ ಮನೆಯವನೋ, ನೀರು ಕಾಣದೆ ಮೇಜಿನ ಮೇಲೆ ಕೂತಿದ್ದ." ಆಮೇಲೆ ನನ್ನ ಮುಖ ನೋಡದೆ ಹೇಳಿದಳು, "ನಿನ್ನ ಅಜ್ಜಂದು ಅಷ್ಟು ಸಣ್ಣದೂ ಸಿಕ್ಕಿಲ್ಲ ನಂಗೆ, ಬಿಡೂಕೆ."

ಅಜ್ಜನ ದೋಣಿ ಅದೇ ಅಳಿವೆಯಲ್ಲಿ ಮಗುಚಿದ್ದು ನಾನು ಹುಟ್ಟುವ ಮೊದಲು. ಅಜ್ಜಿ ಆ ವಿಷಯ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು. ಪರೀಕ್ಷೆಯ ಹೆದರಿಕೆ ಮಾತ್ರ ಇದ್ದಲ್ಲೇ ಇತ್ತು.

ಮೇಡಂಗೆ ನಿಜವನ್ನೇ ಹೇಳಿದೆ. "ನಾಯಿ ಕಚ್ಚಿಕೊಂಡು ಹೋಯಿತು ಅಂದವರನ್ನು ನೋಡಿದ್ದೇನೆ, ಇಂಥದ್ದನ್ನು ಯಾರೂ ಹೇಳಿರಲಿಲ್ಲ" ಎಂದು ಅವರು ನನ್ನನ್ನೇ ದಿಟ್ಟಿಸಿದರು. ಕೊನೆಗೆ ಪರೀಕ್ಷೆಗೆ ಕೂರಿಸಿದರು. ಆದರೆ ಕೋರ್ಸು ಮುಗಿಯುವುದರೊಳಗೆ ಬದಲಿ ಮೂಳೆ ತಂದುಕೊಡಲೇಬೇಕಂತೆ. ಸಂಜೆ ಮನೆಗೆ ಫೋನು ಮಾಡಿ ಅಜ್ಜಿಗೆ ಇದನ್ನು ಹೇಳಿದೆ.

"ಅದಕ್ಕೆಂತ ತಲೆಬಿಸಿ? ನಾನು ಸತ್ತ ಮೇಲೆ ನಂದೇ ಕೊಡು. ಬುಟ್ಟಿ ಹೊತ್ತ ಎಲುಬು, ಗಟ್ಟಿ ಅದೆ."

ನಾನು ನಕ್ಕೆ. ಅವಳು ನಗಲಿಲ್ಲ.

"ಎಲ್ಲಾ ಕೊಟ್ಬಿಡ್ಬೇಡ ಮತ್ತೆ. ಒಂದಾದ್ರೂ ಅಳಿವೆಗೆ ಬಿಡು. ನಿನ್ನ ಅಜ್ಜ ಅಲ್ಲೇ ಕಾಯ್ತಾ ಇರ್ತ್ರು."