ಬರೆ ಬಿದ್ದ ಜೀಪಿನ ಬೆಲೆ

ಮಣ್ಣೂರಿನ ಮಹಾದೇವಪ್ಪ ತಮ್ಮ ದುಡಿಮೆಯ ಕಾಲವನ್ನು ವರ್ಷಗಳಲ್ಲಿ ಹೇಳುವುದಿಲ್ಲ. ಓಡಿಸಿದ ಗಾಡಿಗಳಲ್ಲಿ ಹೇಳುತ್ತಾರೆ. ಮೊದಲು ಊರಗೌಡರ ಟ್ರ್ಯಾಕ್ಟರ್, ಆಮೇಲೆ ಸೊಲ್ಲಾಪುರದ ಸೇಠರ ಲಾರಿ, ಕೊನೆಗೆ 1983ರಲ್ಲಿ ಕೊಂಡ ಸ್ವಂತ ಜೀಪು. ಅದರಲ್ಲಿ ಅವರು ದಿನಕ್ಕೆ ಮೂರು ಸಲ ಜನರನ್ನು ತುಂಬಿಕೊಂಡು ಅಫಜಲಪುರಕ್ಕೆ ಹೋಗಿಬರುತ್ತಿದ್ದರು. 1987ರ ಬೇಸಿಗೆಯಲ್ಲಿ ಕಣ್ಣಿನ ವೈದ್ಯರು, ನರ ಸೊರಗಿದೆ, ವರ್ಷದೊಳಗೆ ಸ್ಟೇರಿಂಗ್ ಬಿಡಬೇಕು ಎಂದರು. ಊರಲ್ಲಿ ಒಂದು ಹಿಟ್ಟಿನ ಗಿರಣಿ ಮಾರಾಟಕ್ಕಿತ್ತು. ಹಿಟ್ಟಿನ ನುಣುಪನ್ನು ಬೆರಳಿನಿಂದಲೇ ತಿಳಿಯಬಹುದು, ಕಣ್ಣು ಅಷ್ಟಾಗಿ ಬೇಕಿಲ್ಲ. ಜೀಪು ಮೂವತ್ತು ಸಾವಿರಕ್ಕೆ ಹೋದರೆ ಗಿರಣಿ ಕೈಗೆ ಬರುತ್ತಿತ್ತು.

ಅದೇ ತಿಂಗಳು ಕಂಪನಿಯ ಪತ್ರ ಬಂತು. ಶಾಲೆಯ ಮಾಸ್ತರರು ಓದಿ ಹೇಳಿದರು: 1983ರಲ್ಲಿ ತಯಾರಾದ ಜೀಪುಗಳ ಸ್ಟೇರಿಂಗಿನ ಒಂದು ಕೀಲು ಸಡಿಲವಾಗಿ ಕಳಚಬಹುದು, ಸೊಲ್ಲಾಪುರದ ಡಿಪೋಕ್ಕೆ ತಂದರೆ ಪುಕ್ಕಟೆ ಬದಲಿಸಿಕೊಡುತ್ತಾರೆ. ಮಹಾದೇವಪ್ಪ ಮರುದಿನವೇ ಹೋದರು. ಎರಡು ದಿನ ಸಾಲಿನಲ್ಲಿ ನಿಂತರು. ಕೀಲು ಬದಲಾಯಿತು. ಗುರುತಿಗೆಂದು ಮೇಸ್ತ್ರಿ ಬಾನೆಟ್ಟಿನ ಕೆಳಗೆ, ಸ್ಟೇರಿಂಗ್ ಪೆಟ್ಟಿಗೆಯ ಮೇಲೆ ಉಳಿಯಿಂದ ಮೂರು ಚುಕ್ಕೆ ಹೊಡೆದು ಕೆಂಪು ಬಣ್ಣ ಹಚ್ಚಿದ. ಕೀಲು ಬದಲಾಗಿದೆ ಎಂದು ಬರೆದ ಒಂದು ಚೀಟಿಯನ್ನೂ ಕೊಟ್ಟ.

ಅಫಜಲಪುರದ ಯಾಕೂಬಸಾಬ ಮೂಲತಃ ಎತ್ತಿನ ದಲ್ಲಾಳಿ. ಜೀಪುಗಳು ಹೆಚ್ಚಾದ ಮೇಲೆ ಅವನ್ನೂ ಮಾರಿಸತೊಡಗಿದ್ದರು. ಆದರೆ ವ್ಯವಹಾರದ ರೀತಿ ಬದಲಾಗಿರಲಿಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದೇ ಬೆಲೆ ಹೇಳುತ್ತಿದ್ದರು, ಟೈರಿಗೆ ಒದೆಯುವ ಮೊದಲು ಬಾನೆಟ್ಟನ್ನು ಎತ್ತಿನ ಬೆನ್ನಿನಂತೆ ತಟ್ಟುತ್ತಿದ್ದರು. ಮಹಾದೇವಪ್ಪ ಜೀಪು ಮಾರಲು ತಂದ ದಿನ ಬಾನೆಟ್ ಎತ್ತಿದವರು ಚುಕ್ಕೆ ಕಂಡು ಹಾಗೇ ಇಳಿಸಿದರು.

"ಮಾದೇವಪ್ಪಣ್ಣಾ, ಕುಂಟೆತ್ತಿಗೆ ಹಾಕಿದಂಗ ಇದಕ್ಕ ಬರಿ ಯಾರ್ ಹಾಕಿಸಂದ್ರು?"

"ಬರಿ ಅಲ್ಲೋ ಮಾರಾಯಾ. ರಿಪೇರಿ ಆಗ್ಯದ ಅಂತ ಗುರ್ತು."

"ಬರಿ ಬಿದ್ದ ಎತ್ತ ಕಂಡ್ರ ಗಿರಾಕಿ ಏನಂತಾನ? ಕುಂಟಿತ್ತು, ನಾಳಿ ಮತ್ತ ಕುಂಟತದ ಅಂತಾನ. ಆರಾಮ ಆಗ್ಯದ ಅಂದ್ರ ಯಾಂವ ನಂಬ್ತಾನ?"

"ಮತ್ತ ರಿಪೇರಿ ಮಾಡಿಸದೆ ಇಟ್ಟವರು?"

"ಅವರವು ಮೈ ಚೊಕ್ಕ ಅದಾವ. ಮಸ್ತ್ ರೇಟಿಗೆ ಹೋಗಾಕತ್ತಾವ."

ನಾಲ್ಕು ತಿಂಗಳಲ್ಲಿ ಏಳು ಜನ ಬಂದು ನೋಡಿದರು ಎಂದು ಮಹಾದೇವಪ್ಪ ಹೇಳುತ್ತಾರೆ; ಯಾಕೂಬಸಾಬರ ನೆನಪಿನಲ್ಲಿ ಐವರು. ಇಪ್ಪತ್ತೆರಡು ಸಾವಿರದ ಮೇಲೆ ಯಾರೂ ಬೆರಳು ಹಿಡಿಯಲಿಲ್ಲ ಎಂಬುದರಲ್ಲಿ ಇಬ್ಬರ ಮಾತೂ ಒಂದೇ. ಅಷ್ಟರಲ್ಲಿ ಎದುರಿನ ಬಂಡಿ ಯಾವುದು, ಎಮ್ಮೆ ಯಾವುದು ಎಂಬುದೂ ಮಹಾದೇವಪ್ಪನವರಿಗೆ ಹತ್ತಿರ ಬರುವ ತನಕ ತಿಳಿಯುತ್ತಿರಲಿಲ್ಲ. ಕೊನೆಗೆ ಅವರೇ ಅರ ಹಿಡಿದು ಮೂರು ಚುಕ್ಕೆಗಳನ್ನೂ ಉಜ್ಜಿ ತೆಗೆದರು. ಮೇಲೆ ಕಪ್ಪು ಬಣ್ಣ ಬಳಿದರು. ಚೀಟಿಯನ್ನು ಹೆಂಡತಿ ಶರಣಬಸಮ್ಮ ಒಲೆಗೆ ಹಾಕಿದರು. "ಇಟ್ಕೋರಿ ಅಂದಿದ್ದೆ," ಎಂದು ಆಕೆ ಈಗಲೂ ಹೇಳುತ್ತಾರೆ. "ಇಟ್ಟರ ಯಾರರ ಓದ್ತಾರ ಅಂದ್ರು. ನಂಗೂ ಓದಾಕ ಬರಲ್ಲ, ಒಲಿಗೂ ಬರಲ್ಲ, ಹಾಕಿಬಿಟ್ಟೆ."

ಹದಿನೈದು ದಿನಗಳಲ್ಲಿ ಜೇವರ್ಗಿ ತಾಲೂಕಿನ ನೆಲೋಗಿಯ ಖಂಡಪ್ಪ ಎಂಬ ತರುಣ ಮೂವತ್ತು ಸಾವಿರಕ್ಕೆ ಜೀಪು ಕೊಂಡ. ಗಿರಣಿ ಬಂತು.

ಒಂದೂವರೆ ವರ್ಷದ ಮೇಲೆ ಜೇವರ್ಗಿಯ ಹತ್ತಿರ, ಚುಕ್ಕೆ ಇಲ್ಲದ ಅದೇ ಮಾದರಿಯ ಜೀಪೊಂದರ ಸ್ಟೇರಿಂಗ್ ಕಳಚಿ, ಅದು ಹಳ್ಳಕ್ಕೆ ಉರುಳಿತು. ಒಂಬತ್ತು ಜನರ ಕೈಕಾಲು ಮುರಿದವು. ಅಂದಿನಿಂದ ನೆಲೋಗಿಯ ಮುದುಕಿಯರು ಕೂಡ ಬಾನೆಟ್ ಎತ್ತಿಸಿ ಚುಕ್ಕೆ ನೋಡಿಯೇ ಹತ್ತುತ್ತಿದ್ದರು. ಖಂಡಪ್ಪನ ಜೀಪು ಖಾಲಿ ನಿಂತಿತು. ಮಾರಲು ಹೋದರೆ ಹತ್ತು ಸಾವಿರಕ್ಕೂ ಕೇಳುವವರಿಲ್ಲ. ಅವನು ಬಸ್ಸು ಹತ್ತಿ ಮಣ್ಣೂರಿಗೆ ಬಂದ.

"ಕಾಕಾ, ಸಾಯೋ ಗಾಡಿ ನನ್ನ ಕೊಳ್ಳಿಗಿ ಕಟ್ಟಿದ್ರೆಲ್ಲ."

"ಅದರ ಕೀಲು ಹೊಸಾದಪಾ. ನಾನ ಮಾಡಿಸೀನಿ."

"ಚುಕ್ಕಿ ಎಲ್ಲೈತಿ?"

"ನಾನ ಅಳಿಸೀನಿ."

ಖಂಡಪ್ಪ ನಕ್ಕ. "ಮದ್ದು ಹಾಕಿ, ಮದ್ದಿನ ಗುರ್ತ ಅಳಿಸಾಂವ ಊರಾಗ ಯಾವನರ ಇದ್ದಾನೇನ್ರಿ? ಗಾಡಿ ತಗೋರಿ, ನನ್ನ ರೊಕ್ಕ ಕೊಡ್ರಿ."

ಆ ರೊಕ್ಕ ಗಿರಣಿಯಾಗಿ ಪಕ್ಕದಲ್ಲೇ ತಿರುಗುತ್ತಿತ್ತು. ಶರಣಬಸಮ್ಮ ಜೋಳ ಸುರಿಯುವುದನ್ನು ನಿಲ್ಲಿಸಿದರು. ಮಹಾದೇವಪ್ಪ, "ಸೊಲ್ಲಾಪುರಕ್ಕ ನಡಿ," ಎಂದರು. "ಬಿಚ್ಚಿ ನೋಡ್ಲಿ. ಹಳಿ ಕೀಲು ಇತ್ತಂದ್ರ ಗಿರಣಿ ಮಾರಿ ನಿನ್ನ ರೊಕ್ಕ ಕೊಡ್ತೇನಿ."

ಖಂಡಪ್ಪ ನೆಲೋಗಿಗೆ ಹೋಗಿ ಜೀಪು ತಂದು ಅವರನ್ನು ಕರೆದೊಯ್ದ. ಡಿಪೋದಲ್ಲಿ ಮತ್ತೆ ಅದೇ ಸಾಲು. ಅಪಘಾತದ ಸುದ್ದಿಯಿಂದ ಈ ಸಲ ಅದು ರಸ್ತೆಯವರೆಗೆ ಬೆಳೆದಿತ್ತು. ಮಹಾದೇವಪ್ಪ ಬೆಳಗಿನಿಂದ ಬೆಂಚಿನ ಮೇಲೆ ಕೂತರು. ಹಿಂದಿನ ಸಲ ಇದೇ ಬೆಂಚಿನಿಂದ ಗೇಟು ಕಾಣುತ್ತಿತ್ತಂತೆ. ಸಂಜೆಗೆ ಮೇಸ್ತ್ರಿ ಪೆಟ್ಟಿಗೆ ಬಿಚ್ಚಿದ. ಕೀಲು ಹೊಸದೇ ಆಗಿತ್ತು. ಅರದ ಗೆರೆಗಳನ್ನು ನೋಡಿ, "ಇದನ್ನು ಉಜ್ಜಿದವರು ಯಾರು?" ಎಂದು ಗದರಿದ. ಮಹಾದೇವಪ್ಪ ಕೈ ಎತ್ತಿದರು. ಮೇಸ್ತ್ರಿ ಮತ್ತೆ ಚುಕ್ಕೆ ಹೊಡೆಯಲು ಉಳಿ ತೆಗೆದುಕೊಂಡ.

ಹೊಡೆತ ನಿಂತ ಮೇಲೆ ಮಹಾದೇವಪ್ಪ ಎದ್ದು ಬಂದು, "ಎಲ್ಲೈತಿ, ನನ್ನ ಬೆರಳ ಅದರ ಮ್ಯಾಲ ಇಡು," ಎಂದರು. ಖಂಡಪ್ಪ ಅವರ ಕೈ ಹಿಡಿದು ಬಾನೆಟ್ಟಿನ ಒಳಗೆ ಒಯ್ದ. ಬಣ್ಣ ಇನ್ನೂ ಒಣಗಿರಲಿಲ್ಲ. ಅವರು ಬೆರಳಾಡಿಸಿ, ಒಂದೊಂದನ್ನೇ ಒತ್ತಿ, ಮೂರನ್ನೂ ಎಣಿಸಿದರು.

"ಈಗ ನಂಬಿಗಿ ಬಂತೇನಪಾ?"

"ಬಂತ್ರಿ ಕಾಕಾ. ಹತ್ರಿ, ಊರಿಗಿ ಬಿಡ್ತೇನಿ."

"ಹತ್ತತೇನಿ," ಎಂದರು ಮಹಾದೇವಪ್ಪ, ಕೆಂಪಾದ ಬೆರಳನ್ನು ಧೋತರಕ್ಕೆ ಒರೆಸುತ್ತ. "ಆದ್ರ ದಾರಿಯಾಗ ಮಾತಾಡಸಬ್ಯಾಡ. ಭಾಳ ದಣದೀನಿ."