ಗುನ್ವೋರ್ ಕಟ್ಟಿದ ಕಾರು

ಹನ್ನೊಂದು ವರ್ಷ ಗುನ್ವೋರ್ ಕಾರು ಕಂಪನಿಯೊಂದರ ಕಾರ್ಖಾನೆಯಲ್ಲಿ ಓಡುವ ಬೆಲ್ಟಿನ ಪಕ್ಕ ನಿಂತು ಕಾರುಗಳ ಹಿಂದಿನ ಎಡಬಾಗಿಲಿಗೆ ತಿರುಪು ಬಿಗಿದಳು. ಆ ಬಾಗಿಲು ಯಾವ ಊರು ಸೇರಿತೋ, ಆ ಕಾರಿನ ಮೂತಿ ಹೇಗಿತ್ತೋ ಅವಳಿಗೆ ಗೊತ್ತಿಲ್ಲ. ಕೈ ತನ್ನ ಪಾಡಿಗೆ ದುಡಿಯುತ್ತಿತ್ತು, ಮನಸ್ಸು ಮನೆಯ ಆಲೂಗಡ್ಡೆ ಮಡಿಯಲ್ಲಿರುತ್ತಿತ್ತು.

ಎಂಬತ್ತರ ದಶಕದಲ್ಲಿ ಸ್ವೀಡನ್ನಿನ ಕರಾವಳಿಯಲ್ಲಿ ಕಂಪನಿ ಹೊಸ ಕಾರ್ಖಾನೆ ತೆರೆದು ಅವಳನ್ನೂ ಅಲ್ಲಿಗೆ ಕಳಿಸಿತು. ಅಲ್ಲಿ ಬೆಲ್ಟಿಲ್ಲ, ಹುಕುಂ ಇಲ್ಲ. ಒಂದು ತಂಡವೇ ಇಡೀ ಕಾರು ಕಟ್ಟಬೇಕು. ಮನುಷ್ಯ ಬರೀ ಸಂಬಳಕ್ಕೆ ದುಡಿಯುವುದಿಲ್ಲ, ಮಾಡಿದ ಕೆಲಸ ಅವನ ಕಣ್ಣಿಗೆ ಕಾಣಬೇಕು ಎಂದು ಓದಿದವರು ಬಂದು ವಿವರಿಸಿದರು. ಗುನ್ವೋರ್ ಆಕಳಿಸಿದಳು.

ಮೊದಲ ದಿನ ಕಾಫಿ ಮುಗಿದರೂ ಯಾರೂ ಏಳಲಿಲ್ಲ. ಏಳಿ ಎನ್ನುವವರೇ ಇರಲಿಲ್ಲವಲ್ಲ! ನಾನು ಮೊದಲು ಎದ್ದರೆ ದರ್ಪ ತೋರಿಸಿದಂತಾದೀತು ಎಂದು ಒಬ್ಬೊಬ್ಬರೂ ಕೂತೇ ಇದ್ದರು. ಅವಳ ಜೊತೆಗೇ ಇಲ್ಲಿಗೆ ಬಂದಿದ್ದ ಹಳೆಯ ಮೇಸ್ತ್ರಿ ಸ್ಟೂರೆಗೆ ಬಾಯಿ ಬಿಡಬಾರದೆಂಬ ಅಪ್ಪಣೆ. ಪಾಪ, ಕಚೇರಿಯ ಗಾಜಿನಾಚೆ ಹಲ್ಲು ಕಚ್ಚಿಕೊಂಡು ನಿಂತಿದ್ದ.

"ಯಾರಾದ್ರೂ ಶುರು ಮಾಡ್ರಪ್ಪಾ, ಅವನಿಗೆ ಎದೆನೋವು ಬಂದ್ಬಿಡುತ್ತೆ," ಎಂದ ಫಿನ್ಲೆಂಡಿನಿಂದ ಬಂದಿದ್ದ ಟೌನೊ.

ಎಲ್ಲರೂ ನಕ್ಕರು, ಗುನ್ವೋರ್ ನಗಲಿಲ್ಲ. ತಿರುಪು ಬಿಟ್ಟು ಬೇರೇನೂ ಗೊತ್ತಿಲ್ಲದ ತಾನು ಇಡೀ ಕಾರು ಕಟ್ಟುವುದು ಹೇಗೆಂದು ಅವಳಿಗೆ ಪುಕಪುಕ. ಬ್ರೇಕು, ವೈರು ಎಲ್ಲ ಕಲಿತರೂ ಆ ಹೆದರಿಕೆ ಹೋಗಲಿಲ್ಲ. ಒಂದು ದಿನ ಟೌನೊ ಹತ್ತಿರ ಹೇಳಿಯೇಬಿಟ್ಟಳು.

"ಈ ಕಾರೊಂದು ಮುಗಿಸ್ತೀನಿ. ನಾಳೆ ಹಳೇ ಕಾರ್ಖಾನೆಗೆ, ಬೆಲ್ಟಿಗೇ ವಾಪಸ್ ಹೋಗ್ತೀನಿ. ನನ್ನ ಕೈಲಿ ಆಗಲ್ಲ ಕಣೋ."

"ಹೋಗು ಮಾರಾಯ್ತಿ, ತಿರುಪುಗಳು ನಿನ್ನ ನೆನೆಸ್ಕೊಂಡು ಅಳ್ತಿವೆಯಂತೆ."

ಸಂಜೆಗೆ ಕಾರು ಮುಗಿಯಿತು. ಹೆಚ್ಚು ಕೆಲಸ ಮಾಡಿದವರೇ ಕೀಲಿ ತಿರುಗಿಸುವುದು ತಂಡದ ಪದ್ಧತಿ. ಅವಳನ್ನೇ ಒಳಗೆ ತಳ್ಳಿದರು. ಗುನ್ವೋರ್ ಉಸಿರು ಬಿಗಿಹಿಡಿದು ತಿರುಗಿಸಿದಳು.

ಎಂಜಿನ್ ಗುಡುಗಿತು. ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂದಿದ್ದ ಕಬ್ಬಿಣಕ್ಕೆ ಜೀವ ಬಂದಿತ್ತು! ತಾನೇ ಎಳೆದ ತಂತಿಗಳಿಂದ ದೀಪ ಹೊತ್ತಿತ್ತು. ಇದನ್ನು ನಾನು ಮಾಡಿದೆನೇ? ಅವಳ ಮೈ ಜುಮ್ಮೆಂದಿತು. ಚರ್ಚಿನಲ್ಲೂ ಅವಳಿಗೆ ಹೀಗಾಗಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಸ್ಟೂರೆ ಕಿಟಕಿಗೆ ಬಗ್ಗಿದ. "ಗುನ್ವೋರ್, ಇದನ್ನ ಹೊರಗೆ ಕಳಿಸಬಹುದಾ? ನೀನೇ ಹೇಳಬೇಕು."

ಇಷ್ಟು ವರ್ಷ ಬೇಗ ಬೇಗ ಎಂದು ಗದರಿದವನು ಈಗ ಅವಳ ಉತ್ತರಕ್ಕೆ ಕಾಯುತ್ತಿದ್ದ. ಅವಳು ಕಿವಿಗೊಟ್ಟು ಕೇಳಿದಳು.

"ಬೇಡ, ತಡಿ. ಎಲ್ಲೋ ಸಣ್ಣಗೆ ಕಟಕಟ ಅಂತಿದೆ. ನಾಳೆ ಬೆಳಿಗ್ಗೆ ಬಂದು ಬಿಚ್ಚಿ ನೋಡ್ತೀನಿ."

"ನಾಳೆ ನೀನು ಬೆಲ್ಟಿಗೆ ಹೊರಟಿದ್ದೆಯಲ್ಲ?" ಎಂದ ಟೌನೊ.

"ಬಾಯ್ಮುಚ್ಚು. ನಾನು ಬರೋವರೆಗೂ ನನ್ನ ಕಾರನ್ನ ಯಾರೂ ಮುಟ್ಟಬೇಡಿ."