ನಾಲ್ಕು ವರ್ಷದ ಆಷಾಢ

ಹೊಸದಾಗಿ ಮದುವೆಯಾದ ಹೆಣ್ಣುಮಗಳ ಆಷಾಢ ಒಂದು ತಿಂಗಳಿನದು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಸೊಸೆಯನ್ನು ತವರಿಗೆ ಕಳಿಸುತ್ತಾರೆ. ಶ್ರಾವಣ ಬಂದು ಪಂಚಮಿ ಮುಗಿದ ಮೇಲೆ ಗಂಡನೇ ಬಂದು, ಬೀಗರ ಮನೆಯಲ್ಲಿ ಉಂಡು, ಹೆಂಡತಿಯನ್ನು ಕರೆದುಕೊಂಡು ಹೋಗುತ್ತಾನೆ. ಎಲ್ಲರ ಮನೆಯಲ್ಲೂ ಹೀಗೇ ನಡೆಯುತ್ತದೆ. ಅಕ್ಕಲಕೋಟದ ಕಾಳಿನ ವ್ಯಾಪಾರಿ ಚನ್ನವೀರಪ್ಪನ ಮಗಳು ಶಾರದಾಬಾಯಿಯ ಆಷಾಢ ಮಾತ್ರ ೧೯೭೨ರಲ್ಲಿ ಹತ್ತಿದ್ದು ನಾಲ್ಕು ವರ್ಷ ಬಿಡಲಿಲ್ಲ. ಅದಕ್ಕೆ ಕಾರಣ ಅವಳ ಮಾವ ಮಾಡಿದ ಒಂದು ಭಾಗಾಕಾರ.

ಮಾವ ಮಲಕಾಜಪ್ಪನದು ಸೊಲ್ಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ. ಮಗ ಕಲ್ಯಾಣಪ್ಪನಿಗೆ ಅಂಗಡಿ ಬೇಡವಾಗಿತ್ತು, ವಿಮಾನ ಹಾರಿಸಬೇಕಿತ್ತು. ಪುಣೆಯಿಂದಾಚೆ ದೂರದ ಊರೊಂದರ ಹಾರಾಟದ ಕ್ಲಬ್ಬಿಗೆ ಬರೆದು ಕೇಳಿದ. ಬಾಡಿಗೆ ವಿಮಾನ, ಪ್ರಯಾಣಿಕರ ವಿಮಾನ ನಡೆಸುವ ಲೈಸನ್ಸಿಗೆ ಇನ್ನೂರೈವತ್ತು ತಾಸು ಹಾರಿರಬೇಕು ಎಂದು ಉತ್ತರ ಬಂತು. ಮಲಕಾಜಪ್ಪ ಗಾದಿಯ ಮೇಲೆ ಕೂತಲ್ಲೇ ಬೆರಳು ಮಡಚಿದ.

“ದಿನಾ ಎಂಟು ತಾಸು ಹಿಡಿ. ಮೂವತ್ತೊಂದು ದಿನ ಮ್ಯಾಲ ಎರಡು ತಾಸು. ವಾರಕ್ಕೊಂದು ಸೂಟಿ, ಅಮಾಸಿಗೊಂದು. ನಲ್ವತ್ತು ದಿನದಾಗ ಹುಡುಗ ಪೈಲಟ್!”

ಅಂಗಡಿ ತೆರೆಯುವ ಹಾಗೆ ವಿಮಾನವೂ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ಮಧ್ಯಾಹ್ನ ಊಟಕ್ಕೆ ಒಂದಿಷ್ಟು ಮುಚ್ಚುತ್ತದೆ ಎಂದು ಆ ಸಜ್ಜನ ತಿಳಿದಿದ್ದ. ಲೆಕ್ಕ ಆಷಾಢಕ್ಕೆ ಸರಿಯಾಗಿ ಕೂತಿತು. ವೈಶಾಖದಲ್ಲಿ ಮದುವೆ, ಆಷಾಢದಲ್ಲಿ ಹುಡುಗಿ ತವರಿಗೆ, ಹುಡುಗ ಹಾರಲಿಕ್ಕೆ. ಶ್ರಾವಣದಲ್ಲಿ ಪೈಲಟ್ ಅಳಿಯ ಅಕ್ಕಲಕೋಟಕ್ಕೆ ಬಂದು ಹೆಂಡತಿಯನ್ನು ಕರೆದೊಯ್ಯುವುದು. ಹೇಗೂ ನಲವತ್ತು ದಿನದ ಮಾತು ಎಂದು ಲಗ್ನಪತ್ರಿಕೆಯಲ್ಲಿ ಮಗನ ಹೆಸರಿನ ಮುಂದೆ ‘ಪೈಲಟ್’ ಎಂದು ಅಚ್ಚು ಹಾಕಿಸಿಯೂಬಿಟ್ಟ. ಆ ಪತ್ರಿಕೆ ಮಂದ್ರೂಪದಿಂದ ಹಿಡಿದು ಅಕ್ಕಲಕೋಟದವರೆಗೆ ಐದುನೂರು ಮನೆ ಮುಟ್ಟಿತು.

ಆ ಇನ್ನೂರೈವತ್ತು ತಾಸಿಗೆ ಹಿಡಿದದ್ದು ಐದು ವರ್ಷ ಮೂರು ತಿಂಗಳು. ಕ್ಲಬ್ಬಿನಲ್ಲಿದ್ದದ್ದು ಎರಡು ವಿಮಾನ; ಅದರಲ್ಲೊಂದು ಬಿಡಿಭಾಗದ ದಾರಿ ಕಾಯುತ್ತ ಕೊಟ್ಟಿಗೆಯಲ್ಲೇ ನಿಂತಿರುತ್ತಿತ್ತು. ಇನ್ನೊಂದಕ್ಕೆ ಮೂವತ್ತು ಹುಡುಗರ ಸರದಿ. ಮಳೆಗಾಲದ ನಾಲ್ಕು ತಿಂಗಳು ಹಾರುವಂತಿಲ್ಲ. ಕಲಿಸುವವರು ಬಿಟ್ಟುಹೋದರೆ ಹೊಸಬರು ಬರುವವರೆಗೆ ಎಲ್ಲರೂ ನೆಲದ ಮೇಲೆ. ಎಪ್ಪತ್ಮೂರರ ಕೊನೆಗೆ ಪೆಟ್ರೋಲು ತುಟ್ಟಿಯಾಗಿ, ವಾರದ ಸರದಿ ತಿಂಗಳಿಗೆ ಬಂತು. ನಡುವೆ ಪರೀಕ್ಷೆಗಳು ಬೇರೆ. ಹವಾಮಾನದ್ದರಲ್ಲಿ ಕಲ್ಯಾಣಪ್ಪ ಎರಡು ಸಲ ಕೂತ, ಎರಡು ಸಲವೂ ಬಿದ್ದ.

ಇದೆಲ್ಲ ಶಾರದಾಬಾಯಿಗೆ ತಿಳಿದದ್ದು ಅವನ ಪತ್ರಗಳಿಂದ. ಇಬ್ಬರೂ ಕಲಿತದ್ದು ಮರಾಠಿ ಸಾಲೆಯಲ್ಲಿ. ಹಾಗಾಗಿ ಅವನ ಪತ್ರದ ಅಕ್ಷರ ಮರಾಠಿಯದು, ಮಾತು ಮನೆಯ ಕನ್ನಡದ್ದು. ‘ಈ ತಿಂಗಳ ಮೂರು ತಾಸ ಇಪ್ಪತ್ತು ಮಿನಿಟ ಆತು’ ಎಂದು ಒಂದು ಪತ್ರ. ‘ಈ ತಿಂಗಳ ಏನೂ ಇಲ್ಲ’ ಎಂದು ಇನ್ನೊಂದು. ಒಮ್ಮೆಯಾದರೂ ಬಂದು ಹೋಗಿರಿ ಎಂದು ಅವಳು ಬರೆದಾಗ ಬಂದ ಉತ್ತರ ಇಷ್ಟೇ: ‘ಪತ್ರಿಕಾದಾಗ ಪೈಲಟ್ ಅಂತ ಅಚ್ಚಾಗ್ಯದ. ಲೈಸನ್ ಇಲ್ಲದ ಯಾವ ಮಾರಿ ತಗೊಂಡು ಬರಲಿ?’ ಅದೇ ನಾಚಿಕೆಗೆ ಅವನು ಸೊಲ್ಲಾಪುರದ ತನ್ನ ಮನೆಗೂ ಹೋಗಿರಲಿಲ್ಲ.

ಮೊದಲನೆಯ ಶ್ರಾವಣ ಕಳೆದ ಮೇಲೆ ಮಲಕಾಜಪ್ಪ ತಾನೇ ಮೋಟಾರು ಮಾಡಿಕೊಂಡು ಸೊಸೆಯನ್ನು ಕರೆಯಲು ಬಂದಿದ್ದ. ಚನ್ನವೀರಪ್ಪ ಉಣಿಸಿದ, ಎಲೆ ಅಡಿಕೆ ಕೊಟ್ಟ, ಮಗಳನ್ನು ಕೊಡಲಿಲ್ಲ.

“ರೀತಿ ಪ್ರಕಾರ ಅಳ್ಯಾ ಬರಬೇಕ್ರಿ ಬೀಗರ. ನೀವು ಒಯ್ದ್ರ ನಾಳಿ ಮಂದಿ ಏನಂದಾರು? ಗಂಡಗ ಬ್ಯಾಡಾದಾಕಿ ಅಂದಾರು.”

ಮಲಕಾಜಪ್ಪನಿಗೆ ಅದು ನಾಟಿತು. ಅವನು ಮತ್ತೆ ಬರಲಿಲ್ಲ. ಗಂಡಸರಿಬ್ಬರೂ ತಮ್ಮ ತಮ್ಮ ಮಾತಿನ ಮೇಲೆ ಗಟ್ಟಿಯಾಗಿ ಕೂತರು. ಕೂಡಲು ಜಾಗವಿಲ್ಲದೆ ಹೋದದ್ದು ಶಾರದಾಬಾಯಿಗೆ.

ಪಂಚಮಿಗೆ ಗೆಳತಿಯರು ಗಂಡನ ಮನೆಯಿಂದ ಬರುತ್ತಿದ್ದರು. ಮೊದಲ ವರ್ಷ “ಯಾವಾಗ ಬಂದಿ ಶಾರದಾ?” ಎಂದು ಕೇಳಿದರು. ಎರಡನೆಯ ವರ್ಷ “ಇನ್ನೂ ಇಲ್ಲೇ ಅದೀಯೇನ?” ಎಂದರು. ಮೂರನೆಯ ವರ್ಷ ಯಾರೂ ಏನೂ ಕೇಳಲಿಲ್ಲ. ತಮ್ಮ ಕೂಸುಗಳನ್ನು ಅವಳ ಕೈಗೆ ಕೊಟ್ಟು ಜೋಕಾಲಿ ಆಡಲು ಹೋದರು. ಕೇಳದೆ ಇದ್ದದ್ದೇ ಅವಳಿಗೆ ಹೆಚ್ಚು ನೋವು ತಂದಿತು.

ಅಷ್ಟರಲ್ಲಿ ಅಣ್ಣನ ಮದುವೆಯಾಗಿ ಅಡುಗೆಮನೆ ಅತ್ತಿಗೆಯ ಕೈಗೆ ಹೋಗಿತ್ತು. ಅತ್ತಿಗೆ ಕೆಟ್ಟವಳಲ್ಲ. ಆದರೆ ಶಾರದಾಬಾಯಿ ಒಲೆಯ ಮುಂದೆ ಕೂತರೆ “ನೀವು ಯಾಕ್ರಿ, ನಾಳಿ ಹೋಗಾಕಿ” ಎನ್ನುತ್ತಿದ್ದಳು. ನಾಳೆ ಹೋಗುವವಳೆಂದು ಯಾರೂ ಅವಳಿಗೆ ಕೆಲಸ ಹಚ್ಚುತ್ತಿರಲಿಲ್ಲ. ಇಲ್ಲೇ ಇರುವವಳೆಂದು ಎಣಿಸಿ ಯಾರೂ ಅವಳನ್ನು ಒಂದು ಮಾತು ಕೇಳುತ್ತಲೂ ಇರಲಿಲ್ಲ. ಗಂಡನ ಜೊತೆ ಅವಳು ಬಾಳಿದ್ದು ಆರು ವಾರ. ಮುಖವನ್ನು ಮದುವೆಯ ಫೋಟೋ ಕಾಪಾಡಿತ್ತು, ದನಿ ಮಾತ್ರ ಮರೆತೇಹೋಗಿತ್ತು. ಹೊಸ ಪತ್ರ ಬಂದಾಗ ಅದನ್ನು ಅವನ ದನಿಯಲ್ಲಿ ಓದಿಕೊಳ್ಳಬೇಕೆಂದು ಕೂರುತ್ತಿದ್ದಳು. ತನ್ನ ದನಿಯೇ ಕೇಳುತ್ತಿತ್ತು. ಆಗ ಅವಳು ಕಾಳಿನ ಚೀಲಗಳ ಕೋಣೆಗೆ ಹೋಗಿ ಅತ್ತುಬಿಡುತ್ತಿದ್ದಳು.

ಎಪ್ಪತ್ತಾರರ ಕಾರ್ತೀಕದಲ್ಲಿ ಒಂದು ಬೇರೆ ತರಹದ ಪತ್ರ ಬಂತು. ಲೈಸನ್ಸಿಗೆ ಮುಂಚೆ ಒಬ್ಬನೇ ದೂರದ ಊರುಗಳಿಗೆ ಹಾರಿ, ಇಳಿದು, ಇಳಿದದ್ದಕ್ಕೆ ಅಲ್ಲಿಯವರ ಸಹಿ ತರಬೇಕಂತೆ. ಇಳಿಯುವ ಊರುಗಳಲ್ಲಿ ಒಂದು ಸೊಲ್ಲಾಪುರ. ‘ಹವಾ ಚಲೋ ಇದ್ರ ಬುಧವಾರ ಹತ್ತೂವರಿಗಿ ಹೋಟಗಿ ರೋಡಿನ ವಿಮಾನದ ಬಯಲಿಗಿ ಇಳೀತೀನಿ. ಅರ್ಧಾ ತಾಸ ಇರ್ತೀನಿ. ಯಾರಿಗೂ ಹೇಳಬ್ಯಾಡ.’

ಅವಳು ತಂದೆಗೆ ಹೇಳಿದಳು. ಹೇಳದೆ ಮನೆ ಬಿಡುವ ಧೈರ್ಯ ಅವಳಿಗಿರಲಿಲ್ಲ.

“ಬಯಲಾಗ ನಿಂತು ಕರದ್ರ ಹೋಗಾಕ ನನ್ನ ಮಗಳೇನು ದಾರಿ ಮ್ಯಾಲ ಬಿದ್ದಾಳೇನು?” ಎಂದ ಚನ್ನವೀರಪ್ಪ. “ನಮ್ಮ ಹೊಸ್ತಿಲಕ ಬರಲಿ.”

ತಾಯಿ ಗುರುಲಿಂಗಮ್ಮ ಬುಧವಾರ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಚ್ಚಿ, ಅರಿವೆಯಲ್ಲಿ ಕಟ್ಟಿದಳು. ಗಂಡ ಅಂಗಡಿಗೆ ಹೋದದ್ದೇ ಮಗಳ ಕೈಗಿಟ್ಟು, “ಹೋಗಿ ಬಾ. ಅಪ್ಪಗ ನಾ ಹೇಳ್ಕೋತೀನಿ” ಎಂದಳು.

ಅವಳು ಸೊಲ್ಲಾಪುರದ ಬಸ್ಸು ಹಿಡಿದು ಹೋಗಿ ಮುಟ್ಟಿದಾಗ ಬಯಲಿನಲ್ಲಿ ಕುರಿಗಳು ಮೇಯುತ್ತಿದ್ದವು. ಕಾವಲುಗಾರ ಮರೆಪ್ಪ ಅವನ್ನು ಬೈಯುತ್ತ ಅಟ್ಟುತ್ತಿದ್ದ. ವಿಮಾನ ಬಂದದ್ದು ಹನ್ನೊಂದು ದಾಟಿದ ಮೇಲೆ. ಅವಳು ಅಂದುಕೊಂಡದ್ದಕ್ಕಿಂತ ಬಹಳ ಸಣ್ಣದು. ಅದರೊಳಗಿಂದ ಇಳಿದವನು ಫೋಟೋದಲ್ಲಿದ್ದವನಿಗಿಂತ ಬಡಕಲು. ಕಪ್ಪಗಾಗಿದ್ದ, ಹಣೆಯ ಮೇಲಿನ ಕೂದಲು ಹಿಂದೆ ಸರಿದಿತ್ತು. ಅವಳ ಕಡೆ ಒಮ್ಮೆ ನೋಡಿ, ಕೈಯಲ್ಲಿ ಕಾಗದ ಹಿಡಿದು ಮೊದಲು ಸಹಿಗಾಗಿ ಓಡಿದ. ತಿರುಗಿ ಬರುವಷ್ಟರಲ್ಲಿ ಕಾಲು ತಾಸು ಹೋಗಿತ್ತು.

“ಒಬ್ಬಾಕಿನೇ ಬಂದಿ?” ಎಂದ.

ದನಿ ಹೀಗಿತ್ತೇ ಎಂದುಕೊಂಡಳು. “ರೊಟ್ಟಿ ತಂದೀನ್ರಿ.”

“ಈಗ ಬ್ಯಾಡ ಶಾರದಾ, ಗಾಳಿ ತಿರಗ್ಯದ. ಲಗೂನ ಏಳಬೇಕು.” ಮುಗಿಲು ನೋಡಿದ, ಗಡಿಯಾರ ನೋಡಿದ. “ಇನ್ನ ಮೂವತ್ತೆರಡು ತಾಸ ಉಳದಾವ.”

“ಅಂದ್ರ ಎಷ್ಟ ದಿನಾರಿ?”

“ಎಂಟು ತಿಂಗಳ. ಇಲ್ಲಾ, ವರ್ಷ.” ಅವಳ ಮುಖ ನೋಡಲಾಗದೆ ನೆಲ ನೋಡಿದ. “ನಂದು ತಪ್ಪಾಗ್ಯದ. ನಿನ್ನ ಕರಿಯಾಕ ಬರಬೇಕಾಗಿತ್ತು.”

ಶಾರದಾಬಾಯಿಗೆ ಬೈಯಬೇಕೆನಿಸಿತು, ಅವನ ಕೈ ಹಿಡಿಯಬೇಕೆನಿಸಿತು. ದೂರದಲ್ಲಿ ಮರೆಪ್ಪ ನೋಡುತ್ತಿದ್ದ. ಎರಡನ್ನೂ ಮಾಡದೆ ಅವಳು ಹೇಳಿದಳು:

“ಹಂಗಾರ ಈಗ ಕರೀರಿ. ನಿಮ್ಮ ಬಾಯಿಲೆ ಒಂದು ಮಾತ ಅನ್ರಿ. ಉಳದದ್ದು ನಾ ನೋಡ್ಕೋತೀನಿ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ವಿಮಾನದಲ್ಲಿ ಅವಳನ್ನು ಕೂಡಿಸಿಕೊಳ್ಳುವಂತಿಲ್ಲ, ಬಿಟ್ಟು ಅವಳ ಜೊತೆ ನಡೆಯುವಂತಿಲ್ಲ. ಆದರೂ ಅವನು ನೆಟ್ಟಗೆ ನಿಂತು, ಬೀಗರ ಪಡಸಾಲೆಯಲ್ಲಿ ನಿಂತವನಂತೆ ಹೇಳಿದ:

“ನಡಿ ಶಾರದಾ, ಮನಿಗಿ.”

ಆಮೇಲೆ ಅವನು ವಿಮಾನ ಹತ್ತಿದ. ಅದು ಪಶ್ಚಿಮಕ್ಕೆ ತಿರುಗಿ ಕಾಣದಾಗುವವರೆಗೆ ಅವಳು ನಿಂತಿದ್ದಳು. ಧೂಳು ಅಡಗಿತು, ಕುರಿಗಳು ಮತ್ತೆ ಬಯಲಿಗೆ ಬಂದವು. ಅವಳು ಅಕ್ಕಲಕೋಟದ ಬಸ್ಸು ನಿಲ್ಲುವ ಕಡೆ ಹೋಗದೆ ಟಾಂಗಾ ಹಿಡಿದು ನವಿ ಪೇಠಕ್ಕೆ ಬಂದಳು.

ಬಾಗಿಲು ತೆರೆದವಳು ಅತ್ತೆ ಗಂಗುಬಾಯಿ. ನಾಲ್ಕು ವರ್ಷದಲ್ಲಿ ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಸೊಸೆಯನ್ನು ನೋಡಿ ಗಾಬರಿಯಾದಳು.

“ಯಾರ್ ಕರಕೊಂಡು ಬಂದ್ರವಾ?”

“ನಿಮ್ಮ ಮಗಾನೇ ಕರದಾರ್ರಿ ಅತ್ತಿ. ಅದಕ್ಕ ಬಂದೀನಿ.”

ಗಂಗುಬಾಯಿ ಸೊಸೆಯನ್ನು ಬದಿಗೆ ಸರಿಸಿ ಹೊಸ್ತಿಲು ದಾಟಿ ಬೀದಿಗೆ ಬಂದಳು. ಸೆರಗು ಜಾರಿದ್ದೂ ಅವಳಿಗೆ ತಿಳಿಯಲಿಲ್ಲ. ಪೇಠದ ಆ ತುದಿಯವರೆಗೆ ನೋಡಿದಳು, ಈ ತುದಿಯವರೆಗೆ ನೋಡಿದಳು. ಖಾಲಿ ಟಾಂಗಾ ತಿರುಗಿ ಹೋಗುತ್ತಿತ್ತು.

“ಎಲ್ಲಿ ಅದಾನ?”

ಶಾರದಾಬಾಯಿ ನಿಂತಲ್ಲೇ ಎಲ್ಲ ಹೇಳಿದಳು. ಮನೆಯವರಿಗೆ ತಿಳಿದರೆ ಪೇಠದ ಮಂದಿಯೆಲ್ಲ ಹಾರ ಹಿಡಿದು ಬರುತ್ತಾರೆ, ಪೈಲಟ್ ಆದಿಯೇನು ಎಂದು ಕೇಳುತ್ತಾರೆ, ಆ ನಾಚಿಕೆಗೆ ಅವನು ಯಾರಿಗೂ ತಿಳಿಸಲಿಲ್ಲ ಎಂದೂ ಹೇಳಿದಳು. ಗಂಗುಬಾಯಿ ಕೇಳಿಸಿಕೊಳ್ಳುತ್ತಿದ್ದಳು, ಕಣ್ಣು ಮಾತ್ರ ಬೀದಿಯ ಮೇಲೇ ಇತ್ತು. ಆ ವಿಮಾನದ ಬಯಲಿಗೂ ಈ ಬಾಗಿಲಿಗೂ ಟಾಂಗಾದ ಹಾದಿ ಅರ್ಧ ತಾಸಿನದು.

“ಸೊರಗ್ಯಾನೇನ?” ಎಂದಳು ಕೊನೆಗೆ.

“ಸ್ವಲ್ಪ ಸೊರಗ್ಯಾರ್ರಿ.”

ಗಂಗುಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ನನಗ ಹೇಳಿದ್ರ ನಾ ಯಾರಿಗೂ ಹೇಳತಿರಲಿಲ್ಲವಾ,” ಎಂದಳು. “ನಾನೂ ಬರತಿದ್ದೆ. ದೂರ ನಿಂತು ನೋಡತಿದ್ದೆ.”